ಕೈಕಟ್ಟಿ ಕೂರುವ ಸೇವೆ: ಮಂಗೋಲಿಯಾದ ಪುಟ್ಟ ಸಭೆಯಲ್ಲೊಂದು ಭಾನುವಾರ

ಭಾನುವಾರದ ಆರಾಧನೆಯಲ್ಲಿ ಮುರಿದು ಹಂಚುವ ಬ್ರೆಡ್ಡನ್ನು ಶನಿವಾರವೇ ತಂದಿಡಬೇಕು. ಭಾನುವಾರ ಸಬ್ಬತ್ತು, ಅಂದರೆ ದೇವರಿಗೆ ಮೀಸಲಾದ ವಿಶ್ರಾಂತಿಯ ದಿನ. ಅಂದು ಅಂಗಡಿಗೆ ಹೋಗುವುದನ್ನು ಮಾರ್ಮನರು, ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಸಭೆಯವರು, ಆದಷ್ಟೂ ತಪ್ಪಿಸುತ್ತಾರೆ. ತಂದದ್ದನ್ನು ಬಾಲ್ಕನಿಯಲ್ಲಂತೂ ಇಡಬಾರದು. ಚಳಿಗಾಲದಲ್ಲಿ ಮಂಗೋಲಿಯಾದ ಎಷ್ಟೋ ಮನೆಗಳಿಗೆ ಬಾಲ್ಕನಿಯೇ ಫ್ರೀಜರ್. ಕುರಿಮಾಂಸಕ್ಕೆ ಅದು ಸರಿಹೋಗುತ್ತದೆ. ಆದರೆ ಮೈನಸ್ 30 ಡಿಗ್ರಿಯಲ್ಲಿ ಒಂದು ರಾತ್ರಿ ಕಳೆದ ಬ್ರೆಡ್ಡು ಬೆಳಿಗ್ಗೆ ಇಟ್ಟಿಗೆಯಾಗಿರುತ್ತದೆ, ಒಳಗೆ ತಂದು ಕರಗಿಸಿದರೆ ಮುರಿಯುವಾಗ ಉದುರುತ್ತದೆ. ಅಡುಗೆಮನೆಯ ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿದು ಇಟ್ಟರೆ ಸಾಕು. ಬಿಸಿನೀರಿನ ಕೊಳವೆಗಳಿಂದ ಮನೆ ಕಾಯಿಸುವ ಊರು ಅದು. ಒಳಗಿನ ಗಾಳಿ ಎಷ್ಟು ಒಣಗಿರುತ್ತದೆಂದರೆ ಬಾಯಿ ತೆರೆದಿಟ್ಟ ಬ್ರೆಡ್ಡು ರಾತ್ರಿ ಕಳೆಯುವಷ್ಟರಲ್ಲಿ ರಸ್ಕ್ ಆಗಿಬಿಡುತ್ತದೆ.

ನಲವತ್ತು ಜನ ಸೇರುವ ಸಭೆಗೆ ಮೂರು ಹೋಳು ಬ್ರೆಡ್ಡು ಬೇಕು. ಒಂದು ಹೋಳನ್ನು ಹದಿನಾರರಿಂದ ಇಪ್ಪತ್ತು ತುಂಡು ಮಾಡಬಹುದು, ಒಂದೊಂದು ತುಂಡೂ ಹೆಬ್ಬೆರಳ ಉಗುರಿನಷ್ಟು. ನಾಲ್ಕನೆಯ ಹೋಳು ಕೈಯಳತೆಯಲ್ಲಿ ಇರಲಿ, ತಡವಾಗಿ ಬರುವ ಕುಟುಂಬ ಎಲ್ಲ ಊರಲ್ಲೂ ಇದ್ದೇ ಇರುತ್ತದೆ. ಮೊದಲೇ ಮುರಿದು ತರಬಾರದು. ಸಭೆಯವರು ಹಾಡುತ್ತಿರುವಾಗ ಮೇಜಿನ ಹಿಂದೆ ನಿಂತು ಮುರಿಯುವುದೇ ಕ್ರಮ. ನೀರು ಪುಟ್ಟ ಲೋಟಗಳಲ್ಲಿ, ಅರ್ಧಕ್ಕಿಂತ ಚೂರು ಮೇಲೆ. ತುಂಬಿಸಿದರೆ ಮಕ್ಕಳ ಕೈಯಲ್ಲಿ ಚೆಲ್ಲುತ್ತದೆ. ಕಾಗದದ ಲೋಟಗಳಾದರೆ ಸಭೆಗೆ ಕಾಲು ಗಂಟೆ ಇರುವಾಗ ತುಂಬಬೇಕು, ಇನ್ನೂ ಮುಂಚೆ ತುಂಬಿದರೆ ತಳ ಮೆತ್ತಗಾಗುತ್ತದೆ.

ಇಷ್ಟು ವಿವರವೇಕೆ ಎಂದರೆ, ದೂರದೇಶದ ಸಣ್ಣ ಸಭೆಗೆ ಸೇವೆಗೆಂದು ಹೋಗುವ ಹಿರಿಯ ಮಾರ್ಮನ್ ದಂಪತಿಯ ಭಾನುವಾರ ಬಹುಪಾಲು ಇಂಥವುಗಳಿಂದಲೇ ತುಂಬಿರುತ್ತದೆ. ಪ್ರವಚನ, ಮತಪ್ರಚಾರ ಎಂದು ನಾವು ಊಹಿಸುವುದು ಅದರಲ್ಲಿ ಸ್ವಲ್ಪವೇ.

ಬೆಂಗಳೂರಿನಲ್ಲಿ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ನಾಮಫಲಕ ಧರಿಸಿ ಜೋಡಿಯಾಗಿ ಓಡಾಡುವ ಹುಡುಗರನ್ನು ಕೆಲವರಾದರೂ ನೋಡಿರಬಹುದು. ಅವರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬ ಸಭೆಯ ಮತಪ್ರಚಾರಕರು. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಈ ಸಭೆಯ ಕೇಂದ್ರ ಈಗ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿದೆ. ಬೆಂಗಳೂರಿಗೊಂದು ದೇವಾಲಯವನ್ನು 2018ರ ಏಪ್ರಿಲಿನಲ್ಲಿ ಘೋಷಿಸಿದರು, 2020ರ ಡಿಸೆಂಬರಿನಲ್ಲಿ ಗುದ್ದಲಿ ಹಾಕಿದರು. ಮಾರ್ಮನರು ಎಂಬ ಅಡ್ಡಹೆಸರು ಬೇಡ, ಪೂರ್ಣ ಹೆಸರನ್ನೇ ಬಳಸಿ ಎಂದು 2018ರಿಂದ ಸಭೆಯೇ ಕೇಳಿಕೊಳ್ಳುತ್ತಿದೆ. ಕನ್ನಡದಲ್ಲಿ ಬರೆಯುವಾಗ ಆ ಹೆಸರು ಅರ್ಧ ಸಾಲು ತಿನ್ನುವುದರಿಂದ ಇಲ್ಲಿ ಹಳೆಯ ಹೆಸರೇ ಇರಲಿ.

ಹುಡುಗರಷ್ಟೇ ಅಲ್ಲ, ನಿವೃತ್ತರಾದ ಗಂಡಹೆಂಡಿರೂ ಹೀಗೆ ಹೊರಡುತ್ತಾರೆ. ಮನೆಯಲ್ಲಿ ಅವಲಂಬಿತ ಮಕ್ಕಳಿರಬಾರದು, ಆರೋಗ್ಯ ನೆಟ್ಟಗಿರಬೇಕು, ಖರ್ಚು ಸ್ವಂತದ್ದು. ಅವಧಿ 6 ತಿಂಗಳಿಂದ 23 ತಿಂಗಳವರೆಗೆ. ಹೊರದೇಶಕ್ಕಾದರೆ 18 ತಿಂಗಳು ಎಂಬುದು ಸಾಮಾನ್ಯ. ಹುಡುಗರಿಗಿರುವ ಕಟ್ಟುನಿಟ್ಟಿನ ದಿನಚರಿ ಇವರಿಗಿಲ್ಲ, ಮನೆಮನೆ ಬಾಗಿಲು ತಟ್ಟಬೇಕೆಂದೂ ಇಲ್ಲ. ಗಂಡಸು ‘ಎಲ್ಡರ್’, ಹೆಂಗಸು ‘ಸಿಸ್ಟರ್’. ಮಂಗೋಲಿಯಾಕ್ಕೂ ಇಂಥ ಹಿರಿಯರಿಗೂ ವಿಶೇಷ ನಂಟಿದೆ. 1992ರಲ್ಲಿ ಈ ಸಭೆಯ ಪರವಾಗಿ ಆ ದೇಶಕ್ಕೆ ಮೊದಲು ಬಂದಿಳಿದವರು ಹುಡುಗರಲ್ಲ. ಕೆನೆತ್ ಮತ್ತು ಡೊನ್ನಾ ಬೀಸ್ಲಿ ಅವರೂ ಸೇರಿ ಆರು ಹಿರಿಯ ದಂಪತಿಗಳು. ಕಮ್ಯುನಿಸ್ಟ್ ಆಡಳಿತ ಆಗಷ್ಟೇ ಮುಗಿದಿತ್ತು, ಇವರು ಬಂದದ್ದು ಉನ್ನತ ಶಿಕ್ಷಣ ವ್ಯವಸ್ಥೆಗೆ ನೆರವಾಗಲು. ಮರುವರ್ಷ ಮೊದಲ ದೀಕ್ಷಾಸ್ನಾನಗಳಾದವು. ಈ ಸಭೆಯ ಧರ್ಮಗ್ರಂಥವಾದ ಬುಕ್ ಆಫ್ ಮಾರ್ಮನ್ ಮಂಗೋಲಿಯನ್ ಭಾಷೆಗೆ ಬಂದದ್ದು 2001ರಲ್ಲಿ. 2009ರಲ್ಲಿ ಉಲಾನ್‌ಬಾತರಿನಲ್ಲಿ ಸ್ಟೇಕ್ ಆಯಿತು. ಹಲವು ಸಭೆಗಳು ಸೇರಿದ, ಸ್ಥಳೀಯರೇ ನಡೆಸುವ ಘಟಕವದು. ರಾಜಧಾನಿಯಾಚೆ ದರ್ಖಾನ್, ಎರ್ದೆನೆತ್‌ನಂಥ ಊರುಗಳಲ್ಲೂ ಸಭೆಗಳಿವೆ. ಜನ ಕಡಿಮೆ ಇರುವ ಸಭೆಗೆ ಬ್ರಾಂಚ್ ಎಂದು ಹೆಸರು, ಅದನ್ನು ನಡೆಸುವವನು ಬ್ರಾಂಚ್ ಪ್ರೆಸಿಡೆಂಟ್. ಅವನಿಗೆ ಸಂಬಳವಿಲ್ಲ. ವಾರವಿಡೀ ಎಲ್ಲೋ ಕೆಲಸ ಮಾಡಿ ಭಾನುವಾರ ಬಂದು ಸಭೆ ನಡೆಸುವ ಸಾಮಾನ್ಯ ಸಂಸಾರಸ್ಥ.

ಹದಿನೆಂಟು ತಿಂಗಳೆಂದರೆ ಸುಮಾರು 78 ಭಾನುವಾರ. ಈ ಲೆಕ್ಕವನ್ನು ಮೊದಲ ವಾರವೇ ಮನಸ್ಸಿಗೆ ತಂದುಕೊಂಡವರು ಒಂದು ರೀತಿ ಕೆಲಸ ಮಾಡುತ್ತಾರೆ, ತಂದುಕೊಳ್ಳದವರು ಇನ್ನೊಂದು ರೀತಿ. ನಲವತ್ತು ವರ್ಷ ಚರ್ಚಿನ ಎಲ್ಲ ಹೊಣೆಗಳನ್ನೂ ಹೊತ್ತು ಬಂದ ಹಿರಿಯರಿಗೆ ಸಣ್ಣ ಬ್ರಾಂಚಿನಲ್ಲಿ ಕಾಲಿಟ್ಟ ಕಡೆಯೆಲ್ಲ ಕೊರತೆಯೇ ಕಾಣುತ್ತದೆ. ಪಿಯಾನೊ ಇದೆ, ನುಡಿಸುವವರಿಲ್ಲ. ಗುಮಾಸ್ತನ ಲೆಕ್ಕ ಎರಡು ತಿಂಗಳು ಹಿಂದೆ ಬಿದ್ದಿದೆ. ಮಕ್ಕಳ ತರಗತಿಗೆ ಟೀಚರು ಬಂದಿಲ್ಲ. ಎಲ್ಲವನ್ನೂ ಮಾಡಬಲ್ಲವರು ಇವರು. ಮಾಡಿದರೆ ಆರು ವಾರದಲ್ಲಿ ಸಭೆ ಗಡಿಯಾರದಂತೆ ನಡೆಯುತ್ತದೆ, 79ನೆಯ ಭಾನುವಾರ ಗಡಿಯಾರ ನಿಲ್ಲುತ್ತದೆ.

ಬೆಳಗ್ಗೆಯಿಂದಲೇ ಹೋಗೋಣ. ಸಭೆ ಹತ್ತಕ್ಕೆ ಎಂದಿದ್ದರೆ ಒಂಬತ್ತಕ್ಕೆ ಅಲ್ಲಿರುವುದು ಒಳ್ಳೆಯದು. ಅರವತ್ತೈದು ದಾಟಿದವರಿಗೆ ಆ ಊರಿನ ನಿಜವಾದ ಅಪಾಯ ಚಳಿಯಲ್ಲ, ಮೆಟ್ಟಿಲ ಮೇಲಿನ ಮಂಜುಗಡ್ಡೆ. ಬೂಟಿಗೆ ಕೆಳಗಿನಿಂದ ತೊಡಿಸುವ ಮೊಳೆಪಟ್ಟಿ ಸಿಗುತ್ತದೆ. ಅದನ್ನು ಹಾಕಿಕೊಂಡು, ಕೈಗಳನ್ನು ಜೇಬಿನಿಂದ ಹೊರಗಿಟ್ಟು, ಹೆಜ್ಜೆ ಸಣ್ಣದು ಮಾಡಿ ನಡೆಯಬೇಕು. ಚರ್ಚಿನ ಒಳಗೆ ಹೋಗುವ ಮುಂಚೆ ಮೊಳೆಪಟ್ಟಿ ಕಳಚದಿದ್ದರೆ ನುಣುಪು ನೆಲದ ಮೇಲೆ ಅದೇ ಜಾರಿಸಿ ಬೀಳಿಸುತ್ತದೆ. ಒಳಗೆ ಇಪ್ಪತ್ತೈದು ಡಿಗ್ರಿ ಇದ್ದರೂ ಇರಬಹುದು, ಹಾಗಾಗಿ ಒಂದು ದಪ್ಪ ಸ್ವೆಟರಿಗಿಂತ ಕಳಚಬಹುದಾದ ಮೂರು ತೆಳು ಪದರ ಮೇಲು. ಕನ್ನಡಕದವರು ಬಾಗಿಲಲ್ಲಿ ಎರಡು ನಿಮಿಷ ನಿಂತೇ ಮುಂದೆ ಹೋಗಲಿ. ಗಾಜು ಮಂಜಾಗಿ ಎದುರಿಗೆ ಬಂದವರ ಮುಖ ಕಾಣದೆ, ಗುರುತಿಲ್ಲದವರಂತೆ ದಾಟಿ ಹೋದರೆ ಅವರು ಬೇಸರಪಟ್ಟುಕೊಳ್ಳುತ್ತಾರೆ.

2019ರ ಜನವರಿಯಲ್ಲಿ ಮೂರು ಗಂಟೆಯ ಸಭೆಯನ್ನು ಎರಡಕ್ಕೆ ಇಳಿಸಿದರು. ಮೊದಲ ಒಂದು ಗಂಟೆ ಸಾಕ್ರಮೆಂಟ್ ಸಭೆ, ಆಮೇಲೆ ತರಗತಿಗಳು. ಸಾಕ್ರಮೆಂಟ್ ಎಂದರೆ ನಮ್ಮಲ್ಲಿ ಪ್ರಾಟೆಸ್ಟೆಂಟರು ಕರ್ತನ ಭೋಜನ ಎನ್ನುವುದು. ಇಲ್ಲಿ ದ್ರಾಕ್ಷಾರಸದ ಬದಲು ನೀರು. ಅದನ್ನು ಪವಿತ್ರಗೊಳಿಸುವ ಎರಡು ಪ್ರಾರ್ಥನೆಗಳು ಡಾಕ್ಟ್ರಿನ್ ಅಂಡ್ ಕವನೆಂಟ್ಸ್ ಗ್ರಂಥದ 20ನೇ ಪ್ರಕರಣದಲ್ಲಿ, 77 ಮತ್ತು 79ನೇ ವಚನಗಳಲ್ಲಿವೆ. ಒಂದಕ್ಷರವೂ ಆಚೀಚೆ ಆಗುವಂತಿಲ್ಲ. ತಪ್ಪಿದರೆ ಬ್ರಾಂಚ್ ಪ್ರೆಸಿಡೆಂಟ್ ಮೆಲ್ಲಗೆ ತಲೆಯಾಡಿಸುತ್ತಾನೆ, ಮತ್ತೆ ಹೇಳಬೇಕು. ಪೌರೋಹಿತ್ಯ ಗಂಡಸರಿಗೆ ಮಾತ್ರ ಇರುವುದರಿಂದ, ಸಣ್ಣ ಬ್ರಾಂಚಿನಲ್ಲಿ ಇಬ್ಬರು ಯುವಕರು ಊರಿಗೆ ಹೋದರೆ ಪ್ರಾರ್ಥನೆ ಹೇಳುವ ಸರದಿ ಹಿರಿಯ ಎಲ್ಡರಿಗೇ ಬರುತ್ತದೆ. ಅದೂ ಮಂಗೋಲಿಯನ್ ಭಾಷೆಯಲ್ಲಿ.

ಲಿಪಿ ಕಷ್ಟವಲ್ಲ. ರಷ್ಯನ್ನರ ಸಿರಿಲಿಕ್ ಅಕ್ಷರಗಳಿಗೆ ಎರಡು ಸ್ವರ ಸೇರಿಸಿ ಒಟ್ಟು 35 ಅಕ್ಷರ. ಮೂರು ವಾರ ಕೂತರೆ ಬರುತ್ತದೆ. ಇಂಗ್ಲಿಷ್ ನಾಲಿಗೆ ಎಡವುವುದು ಹ್ರಸ್ವ ದೀರ್ಘದಲ್ಲಿ. ‘ತ್ಸಸ್’ ಎಂದರೆ ಹಿಮ, ‘ತ್ಸಾಸ್’ ಎಂದರೆ ಕಾಗದ. ‘ಉಲ್’ ಎಂದರೆ ಅಂಗಾಲು, ‘ಊಲ್’ ಎಂದರೆ ಬೆಟ್ಟ. ಬಳೆ ಕೇಳಿದರೆ ಬಾಳೆ ತಂದುಕೊಟ್ಟ ಹಾಗೆ. ಕನ್ನಡದವರಿಗೆ ಇದು ಹುಟ್ಟಿನಿಂದ ಬಂದ ಕಿವಿ, ಅಮೆರಿಕದವರು ಕಸರತ್ತು ಮಾಡಿಯೇ ಕಲಿಯಬೇಕು. ಉಪಾಯ ಇಷ್ಟೇ: ಎರಡು ಪ್ರಾರ್ಥನೆಗಳನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡು, ಜೋಡಿ ಸ್ವರಗಳ ಕೆಳಗೆ ಗೆರೆ ಹಾಕಿ, ಬ್ರಾಂಚಿನ ಹದಿನಾರರ ಹುಡುಗನಿಗೆ ವಾರದ ನಡುವೆ ಒಪ್ಪಿಸುವುದು. ಅವನಿಂದಲೇ ತಿದ್ದಿಸಿಕೊಳ್ಳಬೇಕು, ಪ್ರೆಸಿಡೆಂಟರಿಂದಲ್ಲ. ಮುದುಕನೊಬ್ಬನ ಉಚ್ಚಾರ ತಿದ್ದಿದ ಹುಡುಗ ಮುಂದಿನ ವಾರ ತಾನೇ ಮೇಜಿನ ಹಿಂದೆ ನಿಲ್ಲಲು ಹೆದರುವುದಿಲ್ಲ. ಪ್ರಾರ್ಥನೆಯನ್ನು ಮಂಡಿಯೂರಿ ಹೇಳುವುದರಿಂದ ಮಂಡಿ ಶಸ್ತ್ರಚಿಕಿತ್ಸೆ ಆದವರು ದಪ್ಪ ದಿಂಬೊಂದನ್ನು ಮೊದಲೇ ಮೇಜಿನ ಹಿಂದೆ ಇಟ್ಟಿರಬೇಕು. ಏಳುವಾಗ ಹಿಡಿಯಬೇಕಾದದ್ದು ಮೇಜಿನ ಅಂಚನ್ನು, ಬಿಳಿ ಬಟ್ಟೆಯನ್ನಲ್ಲ. ಬಟ್ಟೆ ಎಳೆದರೆ ತಟ್ಟೆಗಳೂ ಜತೆಗೆ ಬರುತ್ತವೆ.

ಇನ್ನು ಪಿಯಾನೊ. ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವುದು ಇದರಲ್ಲೇ, ಒಳ್ಳೆಯ ಉದ್ದೇಶದಿಂದಲೇ.

ಒಂದು ಸಾಕ್ರಮೆಂಟ್ ಸಭೆಗೆ ಮೂರು ನಾಲ್ಕು ಹಾಡು ಬೇಕು: ಆರಂಭಕ್ಕೊಂದು, ಬ್ರೆಡ್ ಮುರಿಯುವಾಗೊಂದು, ಕೊನೆಗೊಂದು, ಒಮ್ಮೊಮ್ಮೆ ನಡುವೆ ಇನ್ನೊಂದು. ಸಿಸ್ಟರಿಗೆ ಚಿಕ್ಕಂದಿನಿಂದ ಪಿಯಾನೊ ಗೊತ್ತು. ಮೊದಲ ಭಾನುವಾರವೇ ಕೂತು ನುಡಿಸುತ್ತಾರೆ, ಸಭೆಗೆ ಸಭೆಯೇ ಅರಳುತ್ತದೆ. ಅಲ್ಲಿಂದಾಚೆ ಬೇರೆ ಯಾರೂ ಆ ಸ್ಟೂಲಿನ ಹತ್ತಿರ ಬರುವುದಿಲ್ಲ. ಅದುವರೆಗೆ ಒಂದೇ ಕೈಯಲ್ಲಿ ರಾಗ ಹುಡುಕುತ್ತಿದ್ದ ಹುಡುಗಿ ಕೂಡ.

ಬೇರೆ ದಾರಿ ನಿಧಾನದ್ದು, ಕೇಳುವವರಿಗೆ ಹಿಂಸೆಯದು. ಶನಿವಾರ ಅರ್ಧರ್ಧ ಗಂಟೆಯಂತೆ ಇಬ್ಬರಿಗೆ ಪಾಠ. ಒಬ್ಬರಿಗೇ ಹೇಳಿಕೊಟ್ಟರೆ ಅವರು ಓದಲು ರಾಜಧಾನಿಗೆ ಹೊರಟ ದಿನ ಎಲ್ಲ ಶೂನ್ಯ. ಹದಿನೆಂಟರ ಆಸುಪಾಸಿನವರು ಹೊರಟೇ ಹೊರಡುತ್ತಾರೆ. ಹಾಗಾಗಿ ಒಬ್ಬರು ಶಾಲೆಯ ಮಗು, ಇನ್ನೊಬ್ಬರು ಊರು ಬಿಡದ ಗೃಹಿಣಿ ಇರಲಿ. ಚರ್ಚಿನದೇ ಕೀಬೋರ್ಡ್ ಪಾಠದ ಪುಸ್ತಕವಿದೆ, ಹಾಡುಗಳ ಸರಳ ರೂಪಗಳೂ ಇವೆ. ಬಲಗೈಯ ರಾಗ ಮೊದಲು, ಎಡಗೈಯಲ್ಲಿ ಒಂದೇ ಒಂದು ಸ್ವರ ಆಮೇಲೆ. ನಾಲ್ಕು ವಾರಕ್ಕೆ ಒಂದು ಹಾಡು ಎಂದಿಟ್ಟುಕೊಂಡರೆ ಹೊರಡುವ ಹೊತ್ತಿಗೆ ತಲಾ ಹದಿನೆಂಟು ಹತ್ತೊಂಬತ್ತು ಹಾಡು ಕೈಯಲ್ಲಿರುತ್ತವೆ. ಸಣ್ಣ ಸಭೆಗೆ ವರ್ಷಕ್ಕೆ ಅಷ್ಟು ಧಾರಾಳ ಸಾಕು.

ಯಾವ ಹಾಡಿನಿಂದ ಜನರೆದುರು ಶುರು ಮಾಡಿಸಬೇಕು ಎಂಬುದರಲ್ಲೂ ಒಂದು ಕ್ರಮವಿದೆ. ಮೊದಲು ಸಭೆಗೆ ಮುಂಚಿನ ಹಿನ್ನೆಲೆ ವಾದನ: ಜನ ಬರುತ್ತಿರುತ್ತಾರೆ, ಕೋಟು ತೆಗೆಯುತ್ತಿರುತ್ತಾರೆ, ತಪ್ಪು ಯಾರ ಕಿವಿಗೂ ಬೀಳುವುದಿಲ್ಲ. ಆಮೇಲೆ ಮುಕ್ತಾಯದ ಹಾಡು, ಆಮೇಲೆ ಆರಂಭದ್ದು. ಸಾಕ್ರಮೆಂಟಿನ ಹಾಡು ಕಟ್ಟಕಡೆಗೆ. ಏಕೆಂದರೆ ಹಾಡು ಮುಗಿದರೂ ಬ್ರೆಡ್ ಮುರಿಯುವುದು ಮುಗಿಯದಿದ್ದರೆ ನುಡಿಸುವವರು ಮೇಜಿನ ಕಡೆ ಒಂದು ಕಣ್ಣಿಟ್ಟು ಮುಂದುವರಿಸಬೇಕಾಗುತ್ತದೆ. ಕಲಿಯುವವರ ಕೈ ನಡುಗುವುದು ಅಲ್ಲೇ.

ಅಲ್ಲಿಯವರೆಗೆ ಫೋನಿನಿಂದ ಧ್ವನಿಮುದ್ರಿತ ಸಂಗೀತ ಹಾಕಬಹುದು, ಅದಕ್ಕೂ ಕೆಲವು ತಾಪತ್ರಯಗಳಿವೆ. ಹಾಡುಗಳನ್ನು ಶನಿವಾರವೇ ಇಳಿಸಿಕೊಂಡಿರಬೇಕು. ಫೋನು ಏರ್‌ಪ್ಲೇನ್ ಮೋಡ್‌ನಲ್ಲಿದ್ದು ಬ್ಲೂಟೂತ್ ಮಾತ್ರ ಆನ್ ಇರಬೇಕು, ಇಲ್ಲವಾದರೆ ಎರಡನೆಯ ಚರಣದ ನಡುವೆ ಯಾರದೋ ಕರೆ ಬರುತ್ತದೆ. ಎಷ್ಟೋ ಬ್ಲೂಟೂತ್ ಸ್ಪೀಕರುಗಳು ಕಾಲು ಗಂಟೆ ಸುಮ್ಮನಿದ್ದರೆ ತಾವೇ ಆರಿಹೋಗುತ್ತವೆ. ಭಾಷಣ ಮುಗಿದು ಮುಕ್ತಾಯದ ಹಾಡು ಹಾಕಿದರೆ ಮೌನ. ತಂತಿ ಹಾಕಿದ ಸ್ಪೀಕರೇ ಲೇಸು. ಮುದ್ರಿಕೆಯಲ್ಲಿ ಎಷ್ಟು ಚರಣವಿದೆಯೆಂದು ಹಾಡು ನಡೆಸುವವರಿಗೆ ಮೊದಲೇ ಹೇಳದಿದ್ದರೆ ಜನ ಮೂರನೆಯದನ್ನು ಶುರು ಮಾಡಿದಾಗ ಸಂಗೀತ ನಿಂತಿರುತ್ತದೆ. ಈ ಫೋನು ಸ್ಪೀಕರಿನ ಕೆಲಸವನ್ನೂ ಹಿರಿಯರು ಹಿಡಿದುಕೊಳ್ಳಬಾರದು. ಹದಿಮೂರರ ಹುಡುಗ ಇವರಿಗಿಂತ ಚೆನ್ನಾಗಿ ಮಾಡುತ್ತಾನೆ, ಅದರಲ್ಲೇನೂ ಸಂಶಯ ಬೇಡ.

ಭಾಷಣದ ಸರದಿ ಹಿರಿಯ ದಂಪತಿಗೆ ಪದೇ ಪದೇ ಬರುತ್ತದೆ. ಹತ್ತು ನಿಮಿಷ ಕೊಟ್ಟರೆ ಐದು ನಿಮಿಷದ ಮಾತು ಸಿದ್ಧಮಾಡಬೇಕು, ಉಳಿದದ್ದು ಅನುವಾದಕರದು. ಮಂಗೋಲಿಯನ್ ಕನ್ನಡದ ಹಾಗೇ ಕ್ರಿಯಾಪದವನ್ನು ವಾಕ್ಯದ ಕೊನೆಗಿಡುವ ಭಾಷೆ. ಇಂಗ್ಲಿಷಿನವರು ‘ನಾನು ನಂಬುತ್ತೇನೆ’ ಎಂದಿಷ್ಟು ಹೇಳಿ ಅನುವಾದಕಿಯ ಮುಖ ನೋಡುತ್ತಾರೆ. ಏನನ್ನು ನಂಬುವುದೆಂದು ತಿಳಿಯದೆ ಆಕೆ ವಾಕ್ಯ ಶುರುವೇ ಮಾಡಲಾರಳು. ಕನ್ನಡಕ್ಕೆ ಭಾಷಣ ಅನುವಾದಿಸಿದ ಯಾರನ್ನು ಕೇಳಿದರೂ ಈ ಸಂಕಟ ಗೊತ್ತಿರುತ್ತದೆ. ವಾಕ್ಯ ಪೂರ್ತಿ ಆಗಲಿ, ಚಿಕ್ಕದಾಗಿರಲಿ. ಬೇಸ್‌ಬಾಲ್ ಹೋಲಿಕೆ ಬೇಡ. ಬರಹವನ್ನು ಶುಕ್ರವಾರವೇ ಅನುವಾದಕಿಗೆ ಕಳಿಸಿ, ಗ್ರಂಥವಚನಗಳ ಸಂಖ್ಯೆ ಬೇರೆಯಾಗಿ ಬರೆದುಕೊಡಬೇಕು. ವಚನಗಳನ್ನು ಆಕೆ ಸ್ಥಳದಲ್ಲೇ ಅನುವಾದಿಸುವುದಲ್ಲ, ಮಂಗೋಲಿಯನ್ ಪುಸ್ತಕದಿಂದ ಓದುವುದು. ನಗೆಚಟಾಕಿ ಅನುವಾದವಾದಾಗ ಜನ ವಿನಯದಿಂದ ನಗುತ್ತಾರೆ. ಅದನ್ನು ನಂಬಿ ಎರಡನೆಯದನ್ನು ಹೇಳುವವರೂ ಇದ್ದಾರೆ.

ತರಗತಿಯ ವಿಷಯ ಬೇಗ ಮುಗಿಸಬಹುದು. ಪಾಠಕ್ರಮ ಜಗತ್ತಿಗೆಲ್ಲ ಒಂದೇ, ನಾಲ್ಕು ವರ್ಷದ ಸುತ್ತು. 2024ರಲ್ಲಿ ಬುಕ್ ಆಫ್ ಮಾರ್ಮನ್ ಇತ್ತು, 2025ರಲ್ಲಿ ಡಾಕ್ಟ್ರಿನ್ ಅಂಡ್ ಕವನೆಂಟ್ಸ್, 2026ಕ್ಕೆ ಹಳೆಯ ಒಡಂಬಡಿಕೆ. ಸ್ಥಳೀಯ ಶಿಕ್ಷಕಿ ಪ್ರಶ್ನೆ ಕೇಳಿದಾಗ ಮೌನ ಕವಿಯುತ್ತದೆ. ಉತ್ತರ ಗೊತ್ತಿರುವ ಹಿರಿಯರು ಆ ಮೌನವನ್ನು ತಾಳಲಾರದೆ ಬಾಯಿ ತೆರೆಯುತ್ತಾರೆ. ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸಿದರೆ ಹನ್ನೆರಡಕ್ಕೆ ಯಾರಾದರೂ ಮಾತಾಡಿರುತ್ತಾರೆ. ಮಕ್ಕಳ ತರಗತಿಯಲ್ಲಿ ಮಾತ್ರ ಹಿರಿಯರು ಧಾರಾಳವಾಗಿ ನೆರವಾಗಬಹುದು. ಪ್ರತಿ ಕೋಣೆಯಲ್ಲೂ ಇಬ್ಬರು ದೊಡ್ಡವರಿರಲೇಬೇಕೆಂಬ ನಿಯಮಕ್ಕೆ ಸಣ್ಣ ಬ್ರಾಂಚಿನಲ್ಲಿ ಜನ ಸಾಲುವುದಿಲ್ಲ. ಆ ಎರಡನೆಯವರಾಗಿ ಹಿಂದಿನ ಕುರ್ಚಿಯಲ್ಲಿ ಕೂತು, ಗೋಂದು ಕತ್ತರಿ ಎತ್ತಿಕೊಡುವುದು. ಮಕ್ಕಳು ಅಜ್ಜಿ ಎಂಬರ್ಥದಲ್ಲಿ ‘ಎಮೆ’ ಎನ್ನುತ್ತವೆ, ಸಿಸ್ಟರ್ ಎನ್ನುವುದಕ್ಕಿಂತ ಅದೇ ಚೆನ್ನ. ದೊಡ್ಡವರಲ್ಲೂ ನಮ್ಮ ಅಣ್ಣ ಅಕ್ಕನ ಹಾಗೆ ‘ಅಖ್’, ‘ಎಗ್ಚ್’ ಎಂದು ಹೆಸರಿಗೆ ಸೇರಿಸಿ ಕರೆಯುವ ರೂಢಿಯಿದೆ.

ಸಭೆ ಮುಗಿದ ಮೇಲೆ ಕಾಣಿಕೆಯ ಲಕೋಟೆಗಳನ್ನು ಇಬ್ಬರು ಒಟ್ಟಿಗೆ ಕೂತು ಎಣಿಸಬೇಕು, ಒಬ್ಬರೇ ಎಂದಿಗೂ ಅಲ್ಲ. ಸಣ್ಣ ಊರಲ್ಲಿ ಗುಮಾಸ್ತ ಬರದಿದ್ದರೆ ‘ಎಲ್ಡರೇ ನೋಡಿಕೊಳ್ಳಿ’ ಎಂದುಬಿಡುವುದು ಸುಲಭ. ಒಪ್ಪಿಕೊಳ್ಳದೆ ಗುಮಾಸ್ತನ ಮನೆಗೆ ಫೋನು ಮಾಡಿಸುವುದೇ ಸರಿ. ಪ್ರತಿ ತಿಂಗಳ ಮೊದಲ ಭಾನುವಾರ ಉಪವಾಸ. ಸತತ ಎರಡು ಊಟ ಬಿಟ್ಟು, ಅದರ ಬೆಲೆಯಷ್ಟಾದರೂ ಬಡವರ ನಿಧಿಗೆ ಕೊಡುವ ಪದ್ಧತಿ. ಮಧುಮೇಹದ ಮಾತ್ರೆ ನುಂಗುವ ಹಿರಿಯರಿಗೆ ಉಪವಾಸ ಕಡ್ಡಾಯವಲ್ಲ, ಧೈರ್ಯ ತೋರಿಸಹೋಗಿ ಪರದೇಶದಲ್ಲಿ ಆಸ್ಪತ್ರೆ ಸೇರಬಾರದು.

ಈ ನಿಧಿಗೂ ಮಧ್ಯಾಹ್ನದ ಮನೆಭೇಟಿಗೂ ಸಂಬಂಧವಿದೆ. ಹಿರಿಯ ದಂಪತಿ ಕಷ್ಟದಲ್ಲಿರುವ ಮನೆಗೆ ಹೋಗುತ್ತಾರೆ. ಕಲ್ಲಿದ್ದಲು ಮುಗಿದಿದೆ, ಮಗುವಿಗೆ ಕೆಮ್ಮು. ಜೇಬಿಗೆ ಕೈ ಹೋಗುವುದು ಸಹಜ. ಆದರೆ ಒಂದು ಮನೆಗೆ ಕೊಟ್ಟ ಸುದ್ದಿ ವಾರದೊಳಗೆ ಊರೆಲ್ಲ ಹಬ್ಬುತ್ತದೆ, ಆಮೇಲೆ ಬರುವವರಲ್ಲಿ ಯಾರಿಗೆ ಇಲ್ಲ ಎನ್ನುವುದು? ಅದಕ್ಕಿಂತ ಕೆಟ್ಟದ್ದು, ಮಾರನೆಯ ವಾರದಿಂದ ಜನ ಬ್ರಾಂಚ್ ಪ್ರೆಸಿಡೆಂಟರ ಬಾಗಿಲು ಬಿಟ್ಟು ವಿದೇಶಿಯರ ಬಾಗಿಲಿಗೆ ಬರುತ್ತಾರೆ. ಉಪವಾಸದ ನಿಧಿ ಪ್ರೆಸಿಡೆಂಟರ ಕೈಯಲ್ಲಿದೆ. ನೋಡಿದ್ದನ್ನು ಅವರಿಗೆ ಹೇಳಿ ಸುಮ್ಮನಾಗಬೇಕು. ಸಾಲವನ್ನಂತೂ ಕೊಡಲೇಬಾರದು. ಸಾಲ ತೀರಿಸಲಾಗದವನು ಮೊದಲು ಬಿಡುವುದು ಚರ್ಚಿಗೆ ಬರುವುದನ್ನೇ.

ಭೇಟಿಗೆ ದಂಪತಿ ಇಬ್ಬರೇ ಹೋಗುವುದೂ ತಪ್ಪು. ಬ್ರಾಂಚಿನ ಒಬ್ಬರಾದರೂ ಜತೆಗಿರಬೇಕು. ಭಾಷೆಗಾಗಿ ಅಷ್ಟೇ ಅಲ್ಲ, ಮುಂದೆ ಆ ಮನೆಯನ್ನು ನೋಡಿಕೊಳ್ಳಬೇಕಾದವರು ಅವರೇ ಎಂಬುದಕ್ಕಾಗಿ. ಊರಂಚಿನಲ್ಲಿ ಗೆರ್ ಎಂಬ ದುಂಡು ಡೇರೆಗಳಿರುತ್ತವೆ. ಹೊಸ್ತಿಲು ತುಳಿಯಬಾರದು ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ, ಅಮೆರಿಕದವರಿಗೆ ಹೇಳಬೇಕು. ಒಲೆಯ ಕಡೆಗೆ ಕಾಲು ಚಾಚಬಾರದು. ಕೊಟ್ಟದ್ದನ್ನು ಬಲಗೈಯಲ್ಲಿ, ಎಡಗೈಯನ್ನು ಬಲಮೊಣಕೈಗೆ ಆನಿಸಿ ತೆಗೆದುಕೊಳ್ಳಬೇಕು.

ಕೊಡುವುದೇನೆಂದರೆ ಸೂತೇ ತ್ಸೈ. ಹಾಲು, ಉಪ್ಪು ಹಾಕಿ ಕುದಿಸಿದ ಚಹಾ. ಬೈಲಕುಪ್ಪೆಯ ಟಿಬೆಟನ್ನರ ಬೆಣ್ಣೆ ಚಹಾದ ದೂರದ ಸೋದರಿ. ಬೇಡ ಎಂದರೆ ಅವಮಾನ. ಆದರೆ ಮಾರ್ಮನರಿಗೆ 1833ರಿಂದಲೂ ‘ವರ್ಡ್ ಆಫ್ ವಿಸ್ಡಮ್’ ಎಂಬ ಆಹಾರ ನಿಯಮವಿದೆ. ಚಹಾ, ಕಾಫಿ, ಮದ್ಯ, ತಂಬಾಕು ನಿಷಿದ್ಧ. ಹಸಿರು ಚಹಾ ಕೂಡ ಅದೇ ಗಿಡದ ಎಲೆಯಾದ್ದರಿಂದ ಅದೂ ಇಲ್ಲ. ಬೇಸಿಗೆಯ ಐರಗ್, ಅಂದರೆ ಹುಳಿಸಿದ ಕುದುರೆಹಾಲಿನಲ್ಲಿ ಅಷ್ಟಿಷ್ಟು ಮದ್ಯಾಂಶ ಇರುವುದರಿಂದ ಅದೂ ಹೊರಗೆ. ಸದಸ್ಯರ ಮನೆಗಳಲ್ಲಿ ಪ್ರಶ್ನೆಯೇ ಏಳುವುದಿಲ್ಲ, ಅವರು ಎಲೆ ಹಾಕದೆ ಹಾಲುನೀರು ಕಾಯಿಸುತ್ತಾರೆ. ಅದಕ್ಕೆ ಖ್ಯಾರಂ ಎಂಬ ಹಳೆಯ ಹೆಸರೇ ಇದೆ. ಚತ್ಸರ್ಗನಾ ಎಂಬ ಹುಳಿಹಣ್ಣಿನ ಬಿಸಿ ಪಾನಕವೂ ಸಿಗುತ್ತದೆ. ಚರ್ಚಿನವರಲ್ಲದ ನೆಂಟರ ಮನೆಯಲ್ಲಿ ಜತೆಗಿರುವ ಸ್ಥಳೀಯರು ಬಾಗಿಲಲ್ಲೇ, ಒಲೆಗೆ ಪಾತ್ರೆ ಏರುವ ಮುಂಚೆಯೇ ಹೇಳಿಬಿಟ್ಟರೆ ಯಾರಿಗೂ ಮುಜುಗರವಿಲ್ಲ. ಸುರಿದ ಮೇಲೆ ಹೇಳಿದರೆ ಮುಜುಗರವೇ. ಜತೆಗೆ ಬೂಜ್ ಎಂಬ ಆವಿಯಲ್ಲಿ ಬೆಂದ ಮಾಂಸದ ಕಡುಬು ಬಂದರೆ ಅದನ್ನು ಬೇಡವೆನ್ನುವ ನಿಯಮ ಯಾವುದೂ ಇಲ್ಲ.

ದೀಕ್ಷಾಸ್ನಾನವಿದ್ದ ಭಾನುವಾರ ಲೆಕ್ಕವೇ ಬೇರೆ. ತೊಟ್ಟಿಯಲ್ಲಿ ನೀರು ಸೊಂಟದವರೆಗೆ ಬರಬೇಕು, ತುಂಬಲು ಎರಡು ಮೂರು ಗಂಟೆ. ತುಂಬುವಷ್ಟು ಹೊತ್ತೂ ಜವಾಬ್ದಾರಿಯುತ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು, ಬಾಗಿಲು ತೆರೆದಿಟ್ಟು ಹೋದರೆ ಮಕ್ಕಳು ಬೀಳುತ್ತಾರೆ. ಬಿಸಿನೀರು ಮೊದಲು ಬಿಟ್ಟು ಆಮೇಲೆ ತಣ್ಣೀರು ಬೆರೆಸಬೇಕು. ಹೀಟರು ಖಾಲಿಯಾದ ಮೇಲೆ ಬಿಸಿ ಮಾಡಲು ದಾರಿಯಿಲ್ಲ. ದೇಹ ಪೂರ್ತಿ ಮುಳುಗಬೇಕು, ಕಾಲ್ಬೆರಳೋ ಬಟ್ಟೆಯ ಚುಂಗೋ ಮೇಲುಳಿದರೆ ಇನ್ನೊಮ್ಮೆ. ಅದನ್ನು ನೋಡಲು ಇಬ್ಬರು ಸಾಕ್ಷಿಗಳು. 2019ರಿಂದ ಹೆಂಗಸರೂ, ದೀಕ್ಷೆಯಾದ ಮಕ್ಕಳೂ ಸಾಕ್ಷಿಯಾಗಬಹುದು. ಎಲ್ಲರೂ ಮರೆಯುವುದು ಕೂದಲು ಒಣಗಿಸುವ ಯಂತ್ರವನ್ನು. ಒದ್ದೆ ತಲೆಯಲ್ಲಿ ಮೈನಸ್ 25ಕ್ಕೆ ಹೊರಗೆ ಹೋದರೆ ಕೂದಲು ನಿಂತಲ್ಲೇ ಗರಿಗಟ್ಟುತ್ತದೆ.

ಬೇಸಿಗೆ ಬಂದಾಗ ಸಭೆ ಅರ್ಧಕ್ಕಿಳಿದರೆ ಗಾಬರಿಯಾಗಬೇಕಿಲ್ಲ. ಜುಲೈಯಲ್ಲಿ ನಾದಂ ಹಬ್ಬ, ಆಮೇಲೆ ಜನ ಹಳ್ಳಿಗಾಡಿಗೆ, ದನಕರುಗಳ ಕಡೆಗೆ ಹೋಗುತ್ತಾರೆ. ಸೆಪ್ಟೆಂಬರಿಗೆ ಶಾಲೆ ತೆರೆದಾಗ ಮರಳುತ್ತಾರೆ. ಈ ಖಾಲಿ ತಿಂಗಳುಗಳಲ್ಲಿ ಎಲ್ಲ ಕೆಲಸವೂ ಹಿರಿಯರ ಮೇಲೆ ಬೀಳಲು ನೋಡುತ್ತದೆ. ಬ್ರೆಡ್ಡು, ಹಾಡು, ಬಾಗಿಲ ಬೀಗ ಎಲ್ಲವೂ. ಬ್ರೆಡ್ಡು ತರುವುದನ್ನು ತಿಂಗಳಿಗೊಂದು ಮನೆಯಂತೆ ಹಂಚಿ ಚೀಟಿ ಅಂಟಿಸಿರಬೇಕು. ಯಾರೋ ಮರೆತು ಬಂದ ದಿನ, ಕೈಚೀಲದಲ್ಲಿ ಗುಟ್ಟಾಗಿ ಇನ್ನೊಂದು ಬ್ರೆಡ್ಡು ಇಟ್ಟುಕೊಂಡು ಬಂದಿರುವ ಸಿಸ್ಟರ್ ಅದನ್ನು ತಟ್ಟನೆ ತೆಗೆಯಬಾರದು. ಮರೆತವರು ಪಕ್ಕದ ಸದಸ್ಯರ ಮನೆಗೆ ಓಡಿ ನಾಲ್ಕು ಹೋಳು ತರುವಷ್ಟು ಹೊತ್ತು ಸಭೆ ಕಾಯುತ್ತದೆ. ಆರಂಭದ ಹಾಡಿಗೆ ಇನ್ನೊಂದು ಚರಣ ಸೇರಿಸಿದರಾಯಿತು.

ಕಟ್ಟಡದ ಬೀಗದ ಕೈಗಳನ್ನು ಹೊರಡುವ ದಿನ ಕೊಡುವುದಲ್ಲ. ಮೂರು ತಿಂಗಳು ಇರುವಾಗಲೇ ಇಬ್ಬರು ಸ್ಥಳೀಯರಿಗೆ ಒಂದೊಂದು ಜೊತೆ ಕೊಟ್ಟು, ಭಾನುವಾರ ಒಂಬತ್ತು ಗಂಟೆಗೆ ಮುಚ್ಚಿದ ಬಾಗಿಲ ಹೊರಗೆ ಎಲ್ಲರ ಜತೆ ತಾವೂ ನಿಲ್ಲಬೇಕು. ಹಿಮಕ್ಕೆ ಹೆಪ್ಪುಗಟ್ಟಿದ ಬೀಗವನ್ನು ಲೈಟರಿನಿಂದ ಬಿಸಿ ಮಾಡಿ ತೆಗೆಯುವ ವಿದ್ಯೆ ಅಲ್ಲಿಯವರಿಗೆ ಇವರಿಗಿಂತ ಚೆನ್ನಾಗಿ ಗೊತ್ತು.